ಗ್ರೂಪ್ ಫೋಟೋ ಹಾಕಿ ಕೆಲಸಕ್ಕೆ ಬರೋ ಕ್ರಿಟಿಕ್ ತಗೊಳ್ಳೋದು ಹೇಗೆ

ಮದುವೆ ಮನೆ ಗ್ರೂಪ್ ಫೋಟೋ, ಆಫೀಸ್ ಟೀಂ ಫೋಟೋ, ಹತ್ತನೇ ಕ್ಲಾಸ್ ಬೀಳ್ಕೊಡುಗೆ ಫೋಟೋ, ಇಂಥದ್ದನ್ನ ಆನ್‌ಲೈನ್ ಫೋಟೋಗ್ರಫಿ ಗ್ರೂಪಲ್ಲಿ ಹಾಕಿ ಅಭಿಪ್ರಾಯ ಹೇಳಿ ಅಂದ್ರೆ ಸಾಮಾನ್ಯವಾಗಿ ಬರೋದು ಎರಡೇ ಥರ ಕಾಮೆಂಟು, ಒಂದು "ಸೂಪರ್ ಸರ್", ಇನ್ನೊಂದು "ಸ್ನ್ಯಾಪ್‌ಶಾಟ್ ಥರ ಇದೆ". ಎರಡರಿಂದಲೂ ಏನೂ ಕಲಿಯೋಕಾಗಲ್ಲ. ಹಕ್ಕಿ ಫೋಟೋ ಆದ್ರೆ ಕಣ್ಣು ಶಾರ್ಪ್ ಇದ್ಯಾ, ರೆಕ್ಕೆ ಕಟ್ ಆಗಿದ್ಯಾ ಅಂತ ನೋಡಿದವ್ರಿಗೆ ತಕ್ಷಣ ಗೊತ್ತಾಗತ್ತೆ. ಗ್ರೂಪ್ ಫೋಟೋದಲ್ಲಿ ಹಾಗಲ್ಲ, ನಿಮಗೆ ಎಷ್ಟು ನಿಮಿಷ ಸಿಕ್ಕಿತ್ತು, ಯಾರು ಯಾರ ಪಕ್ಕ ನಿಲ್ಲಲೇಬೇಕಿತ್ತು, ಯಾವ ಅಜ್ಜಿನ ಕುರ್ಚಿಯಿಂದ ಎಬ್ಬಿಸೋ ಹಾಗಿರ್ಲಿಲ್ಲ, ಇದೆಲ್ಲ ಫೋಟೋ ನೋಡಿದ್ರೆ ಗೊತ್ತಾಗಲ್ಲ, ನೀವೇ ಹೇಳ್ಬೇಕು. ಹಾಗಾಗಿ ಒಳ್ಳೆ ಕ್ರಿಟಿಕ್, ಅಂದ್ರೆ ಫೋಟೋದಲ್ಲಿ ಏನು ಸರಿ ಇದೆ ಏನು ಸರಿ ಇಲ್ಲ ಅಂತ ಬಿಡಿಸಿ ಹೇಳೋ ವಿಮರ್ಶೆ, ಸಿಗೋದು ಮುಕ್ಕಾಲು ಪಾಲು ನೀವು ಪೋಸ್ಟ್ ಹೇಗೆ ಬರೀತೀರ ಅನ್ನೋದ್ರ ಮೇಲೆ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಮೊದಲು ಪರ್ಮಿಷನ್ ವಿಷಯ. ಫೋಟೋದಲ್ಲಿರೋದು ಬೇರೆಯವರ ಮುಖ, ನೀವು ಹಾಕ್ತಿರೋದು ಸಾವಿರಾರು ಜನ ಅಪರಿಚಿತರ ಮುಂದೆ, ಅದೂ ಅಲ್ಲಿ ಮುಖ, ನಿಂತಿರೋ ರೀತಿ, ಬಟ್ಟೆ ಎಲ್ಲದರ ಬಗ್ಗೆ ಮಾತಾಡ್ತಾರೆ. "ಫೋಟೋ ಕಲಿಯೋ ಗ್ರೂಪಲ್ಲಿ ಹಾಕ್ತೀನಿ, ಹೆಸರು ಹಾಕಲ್ಲ, ಪರವಾಗಿಲ್ವಾ" ಅಂತ ಒಂದು ಮಾತು ಕೇಳಿ. ಒಬ್ರು ಬೇಡ ಅಂದ್ರೂ ಬೇರೆ ಫೋಟೋ ಆರಿಸಿ. ಮಕ್ಕಳಿರೋ ಫೋಟೋ ಆದ್ರೆ ಅಪ್ಪ ಅಮ್ಮನ್ನ ಕೇಳದೆ ಹಾಕಲೇಬೇಡಿ, ಸ್ಕೂಲ್ ಫೋಟೋ ಅಂತೂ ಓಪನ್ ಗ್ರೂಪಿಗೆ ಬೇಡವೇ ಬೇಡ, ನಾಲ್ಕೈದು ಜನ ಗೊತ್ತಿರೋ ಫೋಟೋಗ್ರಾಫರ್‌ಗಳಿಗೆ ಕಳಿಸಿ ಕೇಳಿದ್ರೆ ಸಾಕು. ದುಡ್ಡು ತಗೊಂಡು ತೆಗೆದ ಮದುವೆ ಫೋಟೋ ಆದ್ರೆ ಇನ್ನೊಂದು ವಿಷಯ ಗೊತ್ತಿರ್ಲಿ, ನಮ್ಮ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಬೇರೆ ಒಪ್ಪಂದ ಮಾಡ್ಕೊಂಡಿಲ್ಲ ಅಂದ್ರೆ, ದುಡ್ಡು ಕೊಟ್ಟು ತೆಗೆಸಿಕೊಂಡವರೇ ಆ ಫೋಟೋದ ಮೊದಲ ಹಕ್ಕುದಾರರು. ತುಂಬಾ ಜನ ಫೋಟೋಗ್ರಾಫರ್‌ಗಳು ಕ್ಲಿಕ್ ಮಾಡಿದ್ದು ನಾನು, ಹಕ್ಕೂ ನಂದೇ ಅಂದ್ಕೊಂಡಿರ್ತಾರೆ. ಬುಕಿಂಗ್ ಟೈಮಲ್ಲೇ ಒಂದು ಸಾಲು ಬರೆಸ್ಕೊಂಡ್ರೆ ಆಮೇಲೆ ತಲೆನೋವಿಲ್ಲ.

ಇನ್ನು ಫೈಲ್. ವಾಟ್ಸಾಪಲ್ಲಿ ಓಡಾಡಿ ಬಂದ ಫೋಟೋ ಹಾಕ್ಬೇಡಿ, ಅದು ಕುಗ್ಗಿ ಹೋಗಿರತ್ತೆ, ಸೆಟ್ಟಿಂಗ್ಸ್ ಮಾಹಿತೀನೂ ಅಳಿಸಿ ಹೋಗಿರತ್ತೆ, ಹಿಂದಿನ ಸಾಲು ಸಾಫ್ಟ್ ಇರೋದು ಫೋಕಸ್‌ನಿಂದಾನೋ ಕಂಪ್ರೆಷನ್‌ನಿಂದಾನೋ ಹೇಳೋಕೆ ಯಾರಿಗೂ ಆಗಲ್ಲ. ಒರಿಜಿನಲ್‌ನಿಂದ ಎಸ್‌ಆರ್‌ಜಿಬಿ (ಸಾಮಾನ್ಯ ಸ್ಕ್ರೀನ್‌ಗಳಲ್ಲಿ ಬಣ್ಣ ಸರಿಯಾಗಿ ಕಾಣೋ ಸೆಟ್ಟಿಂಗ್) ಜೆಪೆಗ್ ಎಕ್ಸ್‌ಪೋರ್ಟ್ ಮಾಡಿ, ಉದ್ದದ ಬದಿ 2048 ಪಿಕ್ಸೆಲ್ ಇದ್ರೆ ಸಾಕು, ಜೊತೆಗೆ ಹಿಂದಿನ ಸಾಲಿನ ಒಂದು ಮುಖದ 100 ಪರ್ಸೆಂಟ್ ಕ್ರಾಪ್ (ಕುಗ್ಗಿಸದೆ ಒರಿಜಿನಲ್ ಸೈಜಲ್ಲೇ ಕತ್ತರಿಸಿದ ತುಂಡು) ಹಾಕಿದ್ರೆ ಶಾರ್ಪ್‌ನೆಸ್ ಬಗ್ಗೆ ಚರ್ಚೆ ಅಲ್ಲಿಗೇ ಮುಗಿಯತ್ತೆ. ಎಕ್ಸಿಫ್, ಅಂದ್ರೆ ಫೈಲ್ ಒಳಗಿರೋ ಆ ಸೆಟ್ಟಿಂಗ್ಸ್ ಮಾಹಿತಿ, ಇರ್ಲಿ, ಆದ್ರೆ ಜಿಪಿಎಸ್ ಲೊಕೇಶನ್ ಮಾತ್ರ ತೆಗೀರಿ, ಯಾರದೋ ಮನೆ ವಿಳಾಸ ಫೋಟೋ ಜೊತೆ ಹೋಗಬಾರ್ದು. ವಾಟರ್‌ಮಾರ್ಕ್ ಹಾಕಲೇಬೇಕು ಅಂದ್ರೆ ಮೂಲೇಲಿ ಚಿಕ್ಕದಾಗಿ ಹಾಕಿ.

ಹಾಕೋ ಮುಂಚೆ ನೀವೇ ಒಂದ್ಸಲ ಕೂತ್ಕೊಂಡು ನೋಡಿ. ನೋಡೋಕೆ ಒಂದು ಕ್ರಮ ಇದ್ರೆ ಒಳ್ಳೇದು, ನನ್ನ ಕ್ರಮ ಹೀಗೆ: ಮೊದಲು ಕಣ್ಣುಗಳು ಒಂದೊಂದಾಗಿ, ಎಡದಿಂದ ಬಲಕ್ಕೆ, ಆಮೇಲೆ ಕೈಗಳು, ಆಮೇಲೆ ಫ್ರೇಮಿನ ನಾಲ್ಕೂ ಅಂಚು, ಕೊನೆಗೆ ತಲೆ ಹಿಂದೆ ಏನಿದೆ ಅಂತ. ಕೈಗಳನ್ನ ಯಾರೂ ನೋಡಲ್ಲ, ಆದ್ರೆ ಒಬ್ರು ಮುಷ್ಟಿ ಕಟ್ಟಿರ್ತಾರೆ, ಒಬ್ರು ಮೊಬೈಲ್ ಹಿಡ್ಕೊಂಡಿರ್ತಾರೆ, ಹಿಂದೆ ನಿಂತವರ ಕೈ ಮುಂದೆ ಕೂತವರ ಭುಜದ ಮೇಲೆ ಬರೀ ನಾಲ್ಕು ಬೆರಳಾಗಿ ಕಾಣ್ತಿರತ್ತೆ, ಒಂದ್ಸಲ ಕಣ್ಣಿಗೆ ಬಿದ್ರೆ ಆಮೇಲೆ ಅದೇ ಕಾಣತ್ತೆ. ತಲೆ ಹಿಂದೆ ಟ್ಯೂಬ್‌ಲೈಟು, ಕಂಬ, ಮಾವಿನ ತೋರಣ, ಸ್ಟೇಜ್ ಹಿಂದಿನ ಅಕ್ಷರಗಳು, ಇವೆಲ್ಲ ನಮ್ಮ ಛತ್ರದ ಫೋಟೋಗಳಲ್ಲಿ ಖಾಯಂ ಗಿರಾಕಿಗಳು.

ಕಣ್ಣು ಮುಚ್ಚಿರೋದ್ರ ಬಗ್ಗೆ ಒಂದು ಚಂದದ ಲೆಕ್ಕ ಇದೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ವಿಜ್ಞಾನ ಸಂಶೋಧನಾ ಸಂಸ್ಥೆಯ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಅನ್ನೋರು ಎಲ್ಲರ ಕಣ್ಣೂ ತೆರೆದಿರೋ ಒಂದು ಫೋಟೋ ಸಿಗೋಕೆ ಎಷ್ಟು ಕ್ಲಿಕ್ ಬೇಕು ಅಂತ ಲೆಕ್ಕ ಹಾಕಿ 2006ರಲ್ಲಿ ಗಣಿತಕ್ಕೆ ಇಗ್ ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗೆ ಕೊಡೋ ತಮಾಷೆ ಪ್ರಶಸ್ತಿ) ತಗೊಂಡ್ರು. 20ಕ್ಕಿಂತ ಕಮ್ಮಿ ಜನ ಇದ್ರೆ, ಬೆಳಕು ಚೆನ್ನಾಗಿದ್ರೆ ಜನರ ಸಂಖ್ಯೆನ 3ರಿಂದ ಭಾಗಿಸಿ, ಬೆಳಕು ಕಮ್ಮಿ ಇದ್ರೆ 2ರಿಂದ. ಅಂದ್ರೆ 12 ಜನಕ್ಕೆ ಹೊರಗಡೆ 4 ಕ್ಲಿಕ್, ಛತ್ರದೊಳಗೆ 6. ಒಂದೇ ಕ್ಲಿಕ್ ಮಾಡಿ, ಅದರಲ್ಲಿ ಒಬ್ರ ಕಣ್ಣು ಮುಚ್ಚಿದೆ, ಅದನ್ನೇ ಕ್ರಿಟಿಕ್‌ಗೆ ಹಾಕಿದ್ರೆ ಮೊದಲ ಹತ್ತು ಕಾಮೆಂಟು ಆ ಕಣ್ಣಿನ ಬಗ್ಗೇನೇ ಬರತ್ತೆ, ನಿಮಗೆ ನಿಜವಾಗಿ ಬೇಕಿದ್ದ ವಿಷಯ ಯಾರೂ ಮುಟ್ಟಲ್ಲ. ಬೇರೆ ಫ್ರೇಮಿನಿಂದ ತಲೆ ತಂದು ಜೋಡಿಸಿದ್ರೆ, ಅಥವಾ ಫೋನೇ ಬೇರೆ ಬೇರೆ ಶಾಟ್‌ಗಳ ಮುಖ ಸೇರಿಸಿ ಕೊಟ್ಟಿದ್ರೆ (ಗೂಗಲ್‌ನ ಪಿಕ್ಸೆಲ್ 8 ಫೋನಲ್ಲಿ 2023ರಲ್ಲೇ ಈ ಫೀಚರ್ ಬಂತು) ಅದನ್ನ ಪೋಸ್ಟಲ್ಲಿ ಹೇಳ್ಬಿಡಿ.

ಫೋಕಸ್ ವಿಷಯದಲ್ಲೂ ಮೊದಲೇ ಸ್ವಲ್ಪ ಲೆಕ್ಕ ತಿಳ್ಕೊಂಡಿದ್ರೆ ಕ್ರಿಟಿಕ್ ಅರ್ಥ ಆಗತ್ತೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರೋ) ಕ್ಯಾಮೆರಾ, 50 ಎಂಎಂ ಲೆನ್ಸ್, 3 ಮೀಟರ್ ದೂರ, ಎಫ್1.8 (ಬೆಳಕು ಬರೋ ಲೆನ್ಸಿನ ತೂತು, ಅಂದ್ರೆ ಅಪರ್ಚರ್, ತುಂಬಾ ದೊಡ್ಡದು) ಅಂದ್ರೆ ಶಾರ್ಪಾಗಿ ಬರೋ ಜಾಗದ ಆಳ ಸುಮಾರು 40 ಸೆಂಟಿಮೀಟರ್ ಅಷ್ಟೇ. ಮುಂದೆ ಕೂತವರು ಹಿಂದೆ ನಿಂತವರು ಅಂತ ಎರಡು ಸಾಲಾದ್ರೆ ಒಂದು ಸಾಲು ಹೋಯ್ತು ಅಂತಾನೇ ಲೆಕ್ಕ. ಅದೇ ಎಫ್8 ಇಟ್ರೆ ಸುಮಾರು 1.9 ಮೀಟರ್ ಸಿಗತ್ತೆ. "ಅಪರ್ಚರ್ ಇಳಿಸಿ" ಅಂತ ಯಾರಾದ್ರೂ ಬರೆದ್ರೆ ಅವರು ಹೇಳ್ತಿರೋದು ಇದನ್ನೇ, ತೂತು ಚಿಕ್ಕದು ಮಾಡಿ, ಅಂದ್ರೆ ಎಫ್ ನಂಬರ್ ಜಾಸ್ತಿ ಇಡಿ ಅಂತ. ಹಾಗೇ ಫೋನಿನ 0.5 ಲೆನ್ಸಲ್ಲಿ (ತುಂಬಾ ಅಗಲ ತೋರಿಸೋ ವೈಡ್ ಲೆನ್ಸ್) ತೆಗೆದ್ರೆ ಅಂಚಲ್ಲಿ ನಿಂತವರ ಮುಖ ಎಳೆದ ಹಾಗೆ ಅಗಲ ಆಗತ್ತೆ, ಅದನ್ನ ಎಡಿಟಿಂಗಲ್ಲಿ ಪೂರ್ತಿ ಸರಿ ಮಾಡೋಕಾಗಲ್ಲ, ಎರಡು ಹೆಜ್ಜೆ ಹಿಂದೆ ಹೋಗಿ ಮೇನ್ ಲೆನ್ಸಲ್ಲೇ ತೆಗೀಬೇಕು.

ಈಗ ಪೋಸ್ಟ್ ಬರೆಯೋದು. ಒಂದೇ ಫೋಟೋ ಹಾಕಿ, ಹತ್ತು ಹಾಕಿದ್ರೆ ಯಾರೂ ಒಂದನ್ನೂ ಸರಿಯಾಗಿ ನೋಡಲ್ಲ. ಯಾವುದು ಆರಿಸೋದು ಅನ್ನೋದೇ ಪ್ರಶ್ನೆ ಆಗಿದ್ರೆ ಮಾತ್ರ ಎರಡು ಹಾಕಿ. ಯಾರಿಗೋಸ್ಕರ ತೆಗೆದಿದ್ದು, ಎಲ್ಲಿ ಬಳಸ್ತಾರೆ, ಬೆಳಕು ಎಲ್ಲಿಂದ, ಏನು ನಿಮ್ಮ ಕೈಲಿರ್ಲಿಲ್ಲ, ಏನು ಕೇಳ್ತಿದೀರ, ಇಷ್ಟು ಇರ್ಲಿ. ಉದಾಹರಣೆಗೆ ಹೀಗೆ ಬರೀಬಹುದು:

"ಸೋದರಮಾವನ ಷಷ್ಟ್ಯಬ್ದಿ, 14 ಜನ, ಮಧ್ಯಾಹ್ನ ಹನ್ನೆರಡೂವರೆ, ಮನೆ ಮುಂದೆ ಹಾಕಿದ್ದ ಹಸಿರು ಶಾಮಿಯಾನದ ಕೆಳಗೆ. ಎಡಗಡೆಯಿಂದ ಬಿಸಿಲಿನ ಬೆಳಕು ಒಳಗೆ ಬರ್ತಿತ್ತು. ದೊಡ್ಡತ್ತೆಗೆ ಮಂಡಿ ನೋವು, ಅವರ ಕುರ್ಚಿ ಜಾಗ ಬದಲಾಯಿಸೋ ಹಾಗಿರ್ಲಿಲ್ಲ, ಊಟಕ್ಕೆ ಎಲೆ ಹಾಕಿದ್ರು ಅದಕ್ಕೆ ಸಿಕ್ಕಿದ್ದು ಐದೇ ನಿಮಿಷ. 35 ಎಂಎಂ, ಎಫ್5.6, 1/160, ಐಎಸ್‌ಒ 800, ಫ್ಲ್ಯಾಶ್ ಇಲ್ಲ. 12x18 ಇಂಚು ಪ್ರಿಂಟ್ ಹಾಕಿಸಿ ಹಾಲಲ್ಲಿ ಹಾಕ್ತಾರೆ. ನನ್ನ ಪ್ರಶ್ನೆ ಎರಡು: ಹಿಂದಿನ ಸಾಲಿನ ಎಡಗಡೆ ಇಬ್ಬರು ಗುಂಪಿಂದ ಬೇರೆ ನಿಂತ ಹಾಗೆ ಕಾಣ್ತಾರಾ? ಸೀರೆ ಬಣ್ಣ ಕೆಡದ ಹಾಗೆ ಮುಖದ ಹಸಿರು ಹೇಗೆ ತೆಗೀಲಿ?"

ಇಂಥ ಪೋಸ್ಟಿಗೆ ಬರೋ ಉತ್ತರಾನೇ ಬೇರೆ ಥರ ಇರತ್ತೆ. ಗೊತ್ತಿರೋರು ನೇರವಾಗಿ ವಿಷಯಕ್ಕೆ ಬರ್ತಾರೆ. ಶಾಮಿಯಾನದ ಕೆಳಗೆ ಬಿಳಿ ಪಂಚೆನೂ ಹಸಿರಾಗಿರತ್ತೆ, ಅದ್ರಲ್ಲಿ ಬ್ಲೋ ಔಟ್ ಆಗದೇ ಇರೋ (ಬೆಳಕು ಜಾಸ್ತಿಯಾಗಿ ಬರೀ ಬಿಳಿಯಾಗಿ ಹೋಗದೇ ಇರೋ) ಜಾಗದ ಮೇಲೆ ಎಡಿಟಿಂಗ್ ಆ್ಯಪಿನ ವೈಟ್ ಬ್ಯಾಲೆನ್ಸ್ ಡ್ರಾಪರ್ (ಬಿಳಿ ಯಾವುದು ಅಂತ ತೋರಿಸಿ ಬಣ್ಣ ಸರಿಮಾಡೋ ಟೂಲ್) ಒತ್ತಿ ಅಂತಾರೆ. ಆದ್ರೆ ಎಡಗಡೆಯಿಂದ ಬಿಸಿಲ ಬೆಳಕೂ ಬರ್ತಿರೋದ್ರಿಂದ ಇಡೀ ಫೋಟೋಗೆ ಒಂದೇ ವೈಟ್ ಬ್ಯಾಲೆನ್ಸ್ ಸರಿಹೋಗಲ್ಲ, ಹಸಿರು ಹೊಡೀತಿರೋ ಮುಖಗಳಿಗೆ ಮಾತ್ರ ಮಾಸ್ಕ್ ಹಾಕಿ (ಎಡಿಟಿಂಗಲ್ಲಿ ಅಷ್ಟು ಜಾಗ ಮಾತ್ರ ಆರಿಸಿ) ಟಿಂಟ್ ಸ್ಲೈಡರ್‌ನ ಮಜೆಂಟಾ ಕಡೆ ಸ್ವಲ್ಪ ಸ್ವಲ್ಪ ಎಳೀಬೇಕು ಅಂತ ಇನ್ನೊಬ್ರು ಸೇರಿಸ್ತಾರೆ. ಮುಂದಿನ ಸಲ ಎಲ್ಲರನ್ನೂ ಶಾಮಿಯಾನದ ಅಂಚಿಗೆ ಕರ್ಕೊಂಡು ಬಂದು, ನೆರಳಲ್ಲೇ ನಿಲ್ಲಿಸಿ, ಮುಖ ಹೊರಗಡೆ ಆಕಾಶದ ಕಡೆ ಮಾಡಿಸಿದ್ರೆ ಶಾಮಿಯಾನದ ಬಟ್ಟೆ ಬಣ್ಣ ಮುಖದ ಮೇಲೆ ಬೀಳೋದು ತುಂಬಾ ಕಮ್ಮಿ ಆಗತ್ತೆ ಅಂತ ಮೂರನೆಯವರು. ನೀವು "ಹಸಿರು ಶಾಮಿಯಾನ" ಅಂತ ಬರೀದೇ ಇದ್ದಿದ್ರೆ ಹೊರದೇಶದವರು "ಸ್ಕಿನ್ ಎಡಿಟಿಂಗ್ ಕೆಟ್ಟಿದೆ" ಅಂತ ಒಂದು ಸಾಲು ಹಾಕಿ ಮುಂದೆ ಹೋಗಿರ್ತಿದ್ರು. ರೆಡ್ ಆಕ್ಸೈಡ್ ನೆಲದ ಜಗಲಿ ಮೇಲೆ ತೆಗೆದ ಫೋಟೋಗಳಲ್ಲಿ ಗದ್ದದ ಕೆಳಗೆ ಕೆಂಪು ಬರೋದೂ ಇದೇ ಥರ, ಆ ನೆಲ ನೋಡಿರದವರಿಗೆ ಅದೇನು ಅಂತ ಗೊತ್ತಾಗಲ್ಲ, ಬರೀರಿ.

ಎಲ್ಲಿ ಹಾಕೋದು ಅಂತ ಕೇಳ್ತೀರ. ರೆಡ್ಡಿಟ್‌ನಲ್ಲಿ ಕ್ರಿಟಿಕ್‌ಗೋಸ್ಕರಾನೇ ಇರೋ ಜಾಗಗಳಿವೆ, ಫ್ಲಿಕರ್‌ನಲ್ಲಿ ಗ್ರೂಪ್‌ಗಳಿವೆ, ಫೇಸ್‌ಬುಕ್ಕಲ್ಲಿ ಕನ್ನಡ ಫೋಟೋಗ್ರಾಫರ್‌ಗಳ ಗ್ರೂಪ್‌ಗಳೂ ಇವೆ. ಬೆಂಗಳೂರಿನವರಿಗೆ 1971ರಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಥರದ ಕ್ಲಬ್ ಕೂಡ ಇದೆ. ಸೇರಿದ ಮೇಲೆ ಮೊದಲು ರೂಲ್ಸ್ ಓದಿ, ಒಂದು ವಾರ ಸುಮ್ನೆ ಅಲ್ಲಿನವರು ಹೇಗೆ ಮಾತಾಡ್ತಾರೆ ನೋಡಿ, ಲೈಕ್ ಮಾತ್ರ ಬೀಳೋ ಜಾಗ ಆದ್ರೆ ಬಿಟ್ಬಿಡಿ.

ಜಡ್ಜಿಂಗ್ ಬೇರೆ, ಕ್ರಿಟಿಕ್ ಬೇರೆ, ಇದನ್ನ ತುಂಬಾ ಜನ ಗೊಂದಲ ಮಾಡ್ಕೊಳ್ತಾರೆ. ಸಲಾನ್ (ಫೋಟೋ ಕ್ಲಬ್‌ಗಳು ನಡೆಸೋ ಪ್ರದರ್ಶನ ಸ್ಪರ್ಧೆ) ಥರದ ಸ್ಪರ್ಧೆಗಳಲ್ಲಿ ಜಡ್ಜ್‌ಗಳು ಒಂದಾದ ಮೇಲೊಂದು ಫೋಟೋ ನೋಡ್ತಾ ಮಾರ್ಕ್ಸ್ ಕೊಡ್ತಾ ಹೋಗ್ತಾರೆ, ಕಾರಣ ಹೇಳೋಕೆ ಅಲ್ಲಿ ಟೈಮ್ ಇರಲ್ಲ, ನೋಡಿದ ತಕ್ಷಣ ಹಿಡಿದು ನಿಲ್ಲಿಸೋ ಫೋಟೋ ಗೆಲ್ಲತ್ತೆ. ಮನೆಯವರೆಲ್ಲ ಸಾಲಾಗಿ ನಿಂತಿರೋ ಫೋಟೋ ಎಷ್ಟೇ ಚೆನ್ನಾಗಿದ್ರೂ ಅಲ್ಲಿ ಅದಕ್ಕೆ ಕಷ್ಟ, ಆ ಕಮ್ಮಿ ಮಾರ್ಕ್ಸ್ ನೋಡಿ ಬೇಜಾರು ಮಾಡ್ಕೊಳ್ಳೋದು ಬೇಡ. ಸ್ಪರ್ಧೆಗೇ ಕಳಿಸ್ಬೇಕು ಅಂದ್ರೆ ಜನ ಒಬ್ಬರಿಗೊಬ್ಬರು ಏನೋ ಮಾಡ್ತಿರೋ, ನಗ್ತಿರೋ, ಕಿವಿಯಲ್ಲಿ ಹೇಳ್ತಿರೋ ಗುಂಪಿನ ಫೋಟೋ ಆರಿಸಿ.

ಬೇರೆಯವರ ಫೋಟೋಗೆ ನೀವೂ ಕ್ರಿಟಿಕ್ ಬರೀರಿ, ನಿಮ್ಮದು ಹಾಕೋ ಮುಂಚೇನೇ ಎರಡು ಮೂರು ಬರೆದಿದ್ರೆ ಜನ ನಿಮ್ಮದನ್ನೂ ಗಮನ ಕೊಟ್ಟು ನೋಡ್ತಾರೆ, ಅದಕ್ಕಿಂತ ಮುಖ್ಯವಾಗಿ ನಿಮ್ಮ ಕಣ್ಣು ಪಳಗತ್ತೆ. ಅಭ್ಯಾಸಕ್ಕೆ ಒಂದು ಫೋಟೋ ಹೇಳ್ತೀನಿ, 1927ರಲ್ಲಿ ಬ್ರಸೆಲ್ಸಲ್ಲಿ ಬೆಂಜಮಿನ್ ಕೂಪ್ರಿ ತೆಗೆದ, ವಿಜ್ಞಾನಿಗಳ ಸಾಲ್ವೇ ಸಮ್ಮೇಳನದ ಗ್ರೂಪ್ ಫೋಟೋ, ನೆಟ್ಟಲ್ಲಿ ಸುಲಭವಾಗಿ ಸಿಗತ್ತೆ. 29 ಜನ, ಮೂರು ಸಾಲು, ಕೆಳಗೆ 9, ಮಧ್ಯ 9, ಮೇಲೆ 11. ಮುಂದಿನ ಸಾಲಿನ ಸರಿಯಾಗಿ ನಡುವೆ ಐನ್‌ಸ್ಟೈನ್, ಎಡದಿಂದ ಮೂರನೆಯವರು ಮೇರಿ ಕ್ಯೂರಿ, ಇಡೀ ಗುಂಪಲ್ಲಿ ಅವರೊಬ್ಬರೇ ಹೆಂಗಸು. ಹಿಂದಿನ ಸಾಲಲ್ಲಿ ಬಲದಿಂದ ನಾಲ್ಕನೆಯವರು, ಭೌತವಿಜ್ಞಾನಿ ಪೌಲಿ, ಕ್ಯಾಮೆರಾ ಬಿಟ್ಟು ಪಕ್ಕಕ್ಕೆ ನೋಡ್ತಿದ್ದಾರೆ. ಮೂರು ಸಾಲಿದ್ರೂ ಯಾರ ಮುಖಾನೂ ಮುಚ್ಚಿ ಹೋಗಿಲ್ಲ, ಅದು ಹೇಗೆ ಸಾಧ್ಯ ಆಯ್ತು, ಮುಂದಿನ ಸಾಲಿನವರ ಕೈಗಳು ಎಲ್ಲಿವೆ, ಪೌಲಿ ಪಕ್ಕಕ್ಕೆ ನೋಡ್ತಿರೋದು ತೊಂದರೆನಾ ಇಲ್ಲ ಅದರಿಂದಾನೇ ಫೋಟೋಗೆ ಜೀವ ಬಂದಿದ್ಯಾ, ಹತ್ತು ಸಾಲು ಬರೆದು ನೋಡಿ. ನನಗಂತೂ ಆ ಪಕ್ಕದ ನೋಟ ಬಹಳ ಇಷ್ಟ.

ಬರೆಯುವಾಗ ಜನರ ಬಗ್ಗೆ ಅಲ್ಲ, ಫೋಟೋ ಬಗ್ಗೆ ಬರೀರಿ. "ಬಲಗಡೆಯವರು ದಪ್ಪ ಕಾಣ್ತಾರೆ" ಅನ್ನೋದು ಕ್ರಿಟಿಕ್ ಅಲ್ಲ. "ಬಲ ತುದೀಲಿರೋರು ವೈಡ್ ಲೆನ್ಸಿಂದ ಅಗಲ ಆಗಿದಾರೆ, ಒಂದು ಹೆಜ್ಜೆ ಒಳಗೆ ನಿಲ್ಲಿಸಿದ್ರೆ ಸರಿಹೋಗ್ತಿತ್ತು" ಅಂದ್ರೆ ತೆಗೆದವರಿಗೆ ಉಪಯೋಗ, ಫೋಟೋದಲ್ಲಿರೋರಿಗೂ ಅವಮಾನ ಇಲ್ಲ. ನಿಮ್ಮ ಪೋಸ್ಟಲ್ಲಿ ಯಾರಾದ್ರೂ ಮೊದಲನೇ ಥರ ಬರೆದ್ರೆ ಅಡ್ಮಿನ್‌ಗೆ ಹೇಳಿ ತೆಗೆಸಿ, ಅದರಲ್ಲಿ ಸಂಕೋಚ ಬೇಡ, ಆ ಮುಖಗಳನ್ನ ಅಲ್ಲಿಗೆ ತಂದಿರೋದು ನೀವು.

ಕಾಮೆಂಟ್‌ಗಳು ಬರೋಕೆ ಶುರುವಾದ್ಮೇಲೆ ತಕ್ಷಣ ಉತ್ತರ ಕೊಡೋಕೆ ಹೋಗ್ಬೇಡಿ, ಒಂದು ದಿನ ಬಿಡಿ. ಆಮೇಲೆ ಎಲ್ಲಾನೂ ಒಟ್ಟಿಗೆ ಓದಿ ಈಗ ಎಡಿಟಿಂಗಲ್ಲಿ ಸರಿಮಾಡಬಹುದಾದ್ದು, ಮುಂದಿನ ಸಲ ತೆಗೆಯುವಾಗ ನೋಡ್ಕೊಬೇಕಾದ್ದು, ಬರೀ ಅವರವರ ರುಚಿ ಅಂತ ಬೇರೆ ಬೇರೆ ಮಾಡಿ. ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಮೂರು ಜನ ಒಂದೇ ಜಾಗ ತೋರಿಸಿದ್ರೆ ಅಲ್ಲಿ ಏನೋ ಇದೆ ಅಂತಾನೇ ತಗೊಳ್ಳಿ, ಅವರು ಹೇಳೋ ಪರಿಹಾರ ಬೇರೆ ಬೇರೆ ಇದ್ರೂ ಸರಿ. ರುಚಿ ವಿಷಯದಲ್ಲಿ ಮಾತ್ರ ನಿಮ್ಮ ಜಡ್ಜ್‌ಮೆಂಟ್ ಇರ್ಲಿ. "ಎಲ್ಲರೂ ನೆಟ್ಟಗೆ ನಿಂತಿದಾರೆ, ಸ್ವಲ್ಪ ಓರೆಯಾಗಿ ನಿಲ್ಲಿಸಿ, ತಬ್ಕೊಳ್ಳೋಕೆ ಹೇಳಿ" ಅಂತ ಹೊರಗಿನವರು ಬರೀತಾರೆ, ಆದ್ರೆ ಶಲ್ಯ ಹೊದ್ದು ಗಂಭೀರವಾಗಿ ಕೂರೋದೇ ತನ್ನ ಫೋಟೋ ಅಂತ ತಾತ ಅಂದ್ಕೊಂಡಿದ್ರೆ ಅದನ್ನ ಹಾಗೇ ತೆಗೀಬೇಕು. "ಟೈಟಾಗಿ ಕ್ರಾಪ್ ಮಾಡಿ" ಅಂದ್ರೆ ಪ್ರಿಂಟ್ ಅಳತೆ ನೆನಪಿಟ್ಕೊಳ್ಳಿ, 12x18 ಅಂದ್ರೆ 2:3, ಇನ್‌ಸ್ಟಾಗ್ರಾಮ್‌ಗೆ ಅಂತ 4:5 ಮಾಡಿದ್ರೆ ಫ್ರೇಮಿಗೆ ಸರಿಹೋಗಲ್ಲ, ಅಂಚಲ್ಲಿರೋ ಚಿಕ್ಕಪ್ಪನ ಭುಜನೂ ಹೋಗತ್ತೆ.

ಅರ್ಥ ಆಗದೇ ಇದ್ದಿದ್ದನ್ನ ಕೇಳಿ. "ಬ್ಯಾಲೆನ್ಸ್ ಇಲ್ಲ" ಅಂತ ಬರೆದವರಿಗೆ "ನೀವಾಗಿದ್ರೆ ಯಾರನ್ನ ಎಲ್ಲಿ ನಿಲ್ಲಿಸ್ತಿದ್ರಿ?" ಅಂತ ಕೇಳಿದ್ರೆ ಸಾಮಾನ್ಯವಾಗಿ ಖುಷಿಯಿಂದ ಹೇಳ್ತಾರೆ, ಕೆಲವರು ಫೋಟೋ ಮೇಲೆ ಗೆರೆ ಎಳೆದು ತೋರಿಸ್ತಾರೆ. ನಿಮ್ಮ ಫೋಟೋನ ಅವರು ಎಡಿಟ್ ಮಾಡಿ ಹಾಕಬಹುದಾ ಬೇಡ್ವಾ ಅನ್ನೋದನ್ನ ಮೊದಲೇ ಪೋಸ್ಟಲ್ಲಿ ಬರೆದುಬಿಡಿ. ಸರಿಮಾಡಿದ ಮೇಲೆ ಹೊಸ ವರ್ಷನ್‌ನ ಅದೇ ಥ್ರೆಡ್ಡಲ್ಲಿ ಹಳೇದರ ಪಕ್ಕ ಹಾಕಿ, ಯಾರ ಮಾತು ಕೇಳಿ ಏನು ಬದಲಾಯಿಸಿದ್ರಿ, ಏನನ್ನ ಹಾಗೇ ಬಿಟ್ರಿ, ಯಾಕೆ ಬಿಟ್ರಿ ಅಂತ ಬರೀರಿ, ಶಾಮಿಯಾನದ ಹಸಿರು ಹೇಗೆ ಹೋಯ್ತು ಅಂತ ಹುಡುಕೋ ಮುಂದಿನವರಿಗೆ ಅದು ಅಲ್ಲೇ ಸಿಗಲಿ.