ಗಂಟಿಲ್ಲದ ಟಿಬೆಟನ್ ಸಿಹಿ ಟೀ

ಟಿಬೆಟನ್ನರು ನೆಲೆಸಿರುವ ಬೈಲಕುಪ್ಪೆಯಲ್ಲಿ ಈ ಟೀ ಕುಡಿದು ಬಂದವರು ಮನೆಯಲ್ಲಿ ಮಾಡಲು ಹೋಗಿ ಕೆಡಿಸುವುದನ್ನು ಸಾಕಷ್ಟು ಸಲ ನೋಡಿದ್ದೇನೆ. ಒಬ್ಬರು ಶುಂಠಿ ಜಜ್ಜಿ ಹಾಕುತ್ತಾರೆ, ಇನ್ನೊಬ್ಬರು ಏಲಕ್ಕಿ. ಮತ್ತೊಬ್ಬರಂತೂ ಬೆಣ್ಣೆ, ಉಪ್ಪು! ಬೆಣ್ಣೆ ಉಪ್ಪಿನದು ಪೋ ಚಾ, ಅದರ ಕಥೆಯೇ ಬೇರೆ. ನಾನು ಹೇಳುತ್ತಿರುವುದು ಚಾ ಙಾಮೋ, ಅಂದರೆ ಸಿಹಿ ಟೀ. ಬೆಣ್ಣೆ ಟೀ ಟಿಬೆಟ್‌ನಲ್ಲಿ ತುಂಬಾ ಹಳೆಯದು. ಹಾಲು ಸಕ್ಕರೆಯ ಟೀ ಆಮೇಲೆ ಹಿಮಾಲಯದ ಈಚೆ ಕಡೆಯಿಂದ ಹೋದದ್ದು. ಈಗ ಲಾಸಾದ ಟೀ ಅಂಗಡಿಗಳಲ್ಲಿ ಬೆಳಗಾದರೆ ಸಾಕು, ಜನ ಗಾಜಿನ ಲೋಟ ಹಿಡಿದು ಹರಟೆಗೆ ಕೂತಿರುತ್ತಾರೆ.

ಬೇಕಾದದ್ದು ಒಂದು ಲೀಟರ್ ನೀರು, 4 ಚಿಕ್ಕ ಚಮಚ ಟೀ ಪುಡಿ, 8 ದೊಡ್ಡ ಚಮಚ ಹಾಲಿನ ಪುಡಿ, 5 ದೊಡ್ಡ ಚಮಚ ಸಕ್ಕರೆ. ಮಸಾಲೆ ಬೇಡವೇ ಬೇಡ.

ನೀರು ಕುದಿ ಬಂದ ಮೇಲೆ ಟೀ ಪುಡಿ ಹಾಕಿ, ಐದು ನಿಮಿಷ ಸಣ್ಣ ಉರಿಯಲ್ಲಿ ಬಿಡಿ. ಲಾಸಾದಲ್ಲಿ ತುಂಬಾ ಹೊತ್ತು ಕುದಿಸುತ್ತಾರೆ ಎಂದು ಕೇಳಿ ನೀವೂ ಅರ್ಧ ಗಂಟೆ ಕುದಿಸಬೇಡಿ. ಆ ಊರು ಸುಮಾರು 3,650 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ನಮ್ಮಲ್ಲಿ ಅಷ್ಟು ಕುದಿಸಿದರೆ ಬರೀ ಕಹಿ.

ಎಲ್ಲರೂ ಎಡವುವುದು ಹಾಲಿನ ಪುಡಿಯಲ್ಲಿ. ಕುದಿಯುವ ಡಿಕಾಕ್ಷನ್‌ಗೆ ಪುಡಿ ಸುರಿದರೆ ಗಂಟು ಖಂಡಿತ. ಗಂಟಿನ ಹೊರಗೆ ಅಂಟು, ಒಡೆದು ನೋಡಿದರೆ ಒಳಗೆ ಒಣ ಪುಡಿ. ಆಮೇಲೆ ಎಷ್ಟು ಕಲಕಿದರೂ ಕರಗಲ್ಲ. ರಾಗಿ ಅಂಬಲಿಗೆ ಹಿಟ್ಟು ಕದಡುತ್ತೀರಲ್ವಾ, ಹಾಗೇ ಮಾಡಿ. ಬಟ್ಟಲಿಗೆ ಮೊದಲು ಪುಡಿ, ಅದರ ಮೇಲೆ ಉಗುರುಬೆಚ್ಚಗಿನ ನೀರು ನಾಲ್ಕೇ ಚಮಚ. ಚಮಚದ ಬೆನ್ನಿನಿಂದ ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ತಿಕ್ಕಿ, ದೋಸೆ ಹಿಟ್ಟಿನ ಹಾಗೆ ನುಣ್ಣಗಾಗಬೇಕು. ಎರಡು ಬೆರಳಲ್ಲಿ ಉಜ್ಜಿ ನೋಡಿ, ತರಿ ಸಿಕ್ಕಿದರೆ ಇನ್ನೂ ತಿಕ್ಕಿ. ಆಮೇಲೆ ಒಂದು ಸೌಟು ಬಿಸಿ ಡಿಕಾಕ್ಷನ್ ಸಣ್ಣ ಧಾರೆಯಾಗಿ ಹಾಕಿ ಕಲಕಿ, ಇನ್ನೊಂದು ಸೌಟು ಹಾಕಿ. ತೆಳ್ಳಗಾದ ಮೇಲೆ ಪೂರ್ತಿ ಪಾತ್ರೆಗೆ ಸುರಿಯಿರಿ. ಮಿಕ್ಸಿಗೆ ಹಾಕುವ ಅಡ್ಡದಾರಿ ಬೇಡ, ಬರೀ ನೊರೆ ಬರುತ್ತದೆ.

ಡೇರಿ ವೈಟ್ನರ್ ಎಂದು ಪ್ಯಾಕೆಟ್ ಮೇಲೆ ಬರೆದದ್ದನ್ನು ತರಬೇಡಿ. ಅದರಲ್ಲಿ ಸಾಮಾನ್ಯವಾಗಿ ಸಕ್ಕರೆ ಮೊದಲೇ ಬೆರೆತಿರುತ್ತದೆ, ಸಿಹಿಯ ಲೆಕ್ಕ ತಪ್ಪುತ್ತದೆ. ಕೆನೆಯುಳ್ಳ ಹಾಲಿನ ಪುಡಿಯೇ ಬೇಕು. ಹಸುವಿನ ಹಾಲು ಹಾಕಿದರೆ ಆಗಲ್ವಾ? ಆಗುತ್ತೆ, ಟಿಬೆಟ್‌ನಲ್ಲೂ ಹಾಕುವವರಿದ್ದಾರೆ. ಆದರೆ ನನ್ನ ಮಟ್ಟಿಗೆ ಪುಡಿಯ ಆ ಪರಿಮಳ ಇಲ್ಲದಿದ್ದರೆ ಅದು ಸುಮ್ನೆ ನಮ್ಮ ಮನೆಯ ಟೀ.

ಸಕ್ಕರೆ ಹಾಕಿ, ಬಿಸಿ ಮಾಡಿ, ಕುದಿಸಬೇಡಿ. ಬಟ್ಟೆಯಲ್ಲಿ ಸೋಸಿ. ಟೀ ತೆಳ್ಳಗಿರಬೇಕು, ಒಂದು ಲೋಟಕ್ಕೆ ನಿಲ್ಲಿಸದೆ ನಾಲ್ಕೈದು ಕುಡಿಯುವಷ್ಟು.

ಸೋಸಿದ ತಕ್ಷಣ ಫ್ಲಾಸ್ಕಿಗೆ ತುಂಬಿಡಿ, ಮತ್ತೆ ಒಲೆಗೆ ಇಡಬೇಡಿ. ಜೊತೆಗೆ ತುಕ್ಪಾ, ಅಂದರೆ ಟಿಬೆಟನ್ ನೂಡಲ್ಸ್ ಸೂಪ್ ಇದ್ದರೆ ಊಟವೇ ಆಯಿತು. ಲಾಸಾದ ಹಳೇ ಅಂಗಡಿಗಳಲ್ಲಿ ಲೋಟದ ಪಕ್ಕ ಚಿಲ್ಲರೆ ನೋಟು ಹರಡಿಟ್ಟು ಕೂರುತ್ತಾರೆ. ಟೀ ಹಾಕುವಾಕೆ ಬಂದು ಲೋಟ ತುಂಬಿಸಿ, ತನ್ನ ದುಡ್ಡು ತಾನೇ ಎಣಿಸಿಕೊಂಡು ಮುಂದಿನ ಮೇಜಿಗೆ ಹೋಗುತ್ತಾಳೆ.