ಹಳೇ ಮೂಲಗೇಣಿ ಪತ್ರದ ಇಸವಿ: ೬ ಯಾವುದು, ೯ ಯಾವುದು?

ಉಡುಪಿ ಕಡೆಯ ಮನೆಗಳಲ್ಲಿ ಸಿಗುವ ಹಳೇ ಮೂಲಗೇಣಿ ಪತ್ರ (ಜಮೀನನ್ನು ಕಾಯಂ ಗೇಣಿಗೆ ಕೊಟ್ಟ ಕರಾರು) ಓದುವಾಗ ನನ್ನನ್ನು ಹೆಚ್ಚು ಕಾಡಿದ್ದು ಅಕ್ಷರವಲ್ಲ, ಅಂಕೆ. ಅವಸರದ ಬರಹದಲ್ಲಿ ೬ಕ್ಕೂ ೯ಕ್ಕೂ ಬಾಲ ಒಂದೇ ರೀತಿ ಕಾಣುತ್ತದೆ. ಶಕವರ್ಷವನ್ನು ೧೭೬೬, ೧೭೬೯, ೧೭೯೬, ೧೭೯೯ ಎಂದು ಹೇಗೂ ಓದಬಹುದು.

ಭೂತಗನ್ನಡಿಯಿಂದ ಉಪಯೋಗವಾಗಲಿಲ್ಲ, ಬಗೆಹರಿದದ್ದು ಪಕ್ಕದಲ್ಲೇ ಬರೆದಿದ್ದ ಸಂವತ್ಸರದಿಂದ, ಅಂದರೆ ಅರವತ್ತು ವರ್ಷಕ್ಕೊಮ್ಮೆ ಮರಳುವ ವರ್ಷದ ಹೆಸರಿನಿಂದ. ಶಕ 1766 ಕ್ರೋಧಿ, 1769 ಪ್ಲವಂಗ, 1796 ಭಾವ, 1799 ಈಶ್ವರ. ಪತ್ರದಲ್ಲಿ 'ಈಶ್ವರ' ಎಂದಿದ್ದರೆ ವರ್ಷ 1799 ಮಾತ್ರ. ಅದಕ್ಕೆ 78 ಕೂಡಿಸಿದರೆ ಕ್ರಿ.ಶ. 1877, ಜನವರಿಯಿಂದ ಆ ಶಕವರ್ಷ ಮುಗಿಯುವವರೆಗಿನ ತಿಂಗಳಾದರೆ 79 ಕೂಡಿಸಬೇಕು. ನಮ್ಮಲ್ಲಿ ಸೌರಮಾನ ಬಳಕೆಯಲ್ಲಿರುವುದರಿಂದ ಚಾಂದ್ರಮಾನ ಯುಗಾದಿಗೂ ಬಿಸುವಿಗೂ (ಏಪ್ರಿಲ್ ಮಧ್ಯದ ಸೌರ ಹೊಸವರ್ಷ) ನಡುವಿನ ಪತ್ರದಲ್ಲಿ ಸಂವತ್ಸರ ಒಂದು ಹಿಂದೆ ಬಿದ್ದಿರಬಹುದು, ಅಲ್ಲಿ ಎಚ್ಚರ.

ಅಕ್ಷರಕ್ಕೆ ಚಕ್ಕುಬಂದಿಯೇ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ ಹೇಳುವ ಭಾಗವೇ, ಕೀಲಿಕೈ. ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ ಅಲ್ಲಿ ಬಂದೇ ಬರುತ್ತವೆ. ಆ ಬರಹಗಾರನ ಪ, ವ, ತ್ತ, ಶ್ಚ ಹೇಗಿವೆ ಎಂದು ಅಲ್ಲಿಂದಲೇ ನಕಲು ಮಾಡಿ ಪಟ್ಟಿ ಇಟ್ಟುಕೊಂಡರೆ ಉಳಿದ ಸಾಲುಗಳು ಬಿಡಿಸಿಕೊಳ್ಳುತ್ತವೆ. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ಆದ್ದರಿಂದ ಮೊದಲು ಅಕ್ಷರ ಅಕ್ಷರವಾಗಿ ಬರೆದುಕೊಂಡು, ಆಮೇಲೆ ಪದ ಕತ್ತರಿಸಿ.

ಗೇಣಿಯ ಮೊತ್ತವನ್ನೂ ಹೀಗೇ ತಾಳೆ ನೋಡಿ. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ; ಹಾಗಾಗಿ ಆಣೆ 15 ದಾಟಿದರೆ, ಪೈ 11 ದಾಟಿದರೆ ಓದು ತಪ್ಪಿರುವ ಸಂಭವವೇ ಹೆಚ್ಚು.