ತಿಂಗಳಿಗೆ ಎರಡು ಸಾವಿರ, ಐದು ವರ್ಷ, ಒಂದು ವಾಚು

ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಪಾಳಿ ಕೆಲಸ ಮಾಡಿದವರು. ಬೆಳಗಿನ ಪಾಳಿಗೆ ಹೊರಡುವ ಮೊದಲು ವಿಭೂತಿ ಹಚ್ಚಿಕೊಂಡು, ಬಾಗಿಲಲ್ಲಿ ನಿಂತು ಎಚ್‌ಎಂಟಿ ಜನತಾ ವಾಚಿಗೆ ಚಾವಿ ಕೊಡುತ್ತಿದ್ದರು. ಆ ಕರ್ ಕರ್ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ವಾಚಿನ ಹುಚ್ಚು ಹತ್ತಿದ್ದು ಅಲ್ಲಿಂದಲೇ. ಗಿರಣಿ ನಿಂತಿತು, 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವುದಕ್ಕೂ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅಪ್ಪನ ವಾಚು ಮಾತ್ರ ಇವತ್ತಿಗೂ ನಡೆಯುತ್ತಿದೆ.

ನಾನು ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. 2020ರಲ್ಲಿ ಸಂಬಳ 19,000, ಈಗ 27,000. ಇಷ್ಟರಲ್ಲೇ ಮನೆ ಬಾಡಿಗೆ, ಮಗಳ ಶಾಲೆ, ಅವ್ವನ ಔಷಧಿ ಎಲ್ಲ ನಡೆಯಬೇಕು. ಇಂಥ ಮನೆಯಿಂದ ಒಂದು ಒಳ್ಳೆಯ ಸ್ವಿಸ್ ವಾಚು ಹೇಗೆ ಬಂತು ಅಂತ ಪರಿಚಯದವರು ಕೇಳುತ್ತಾರೆ. ಸಾಲ ಮಾಡಿರಬೇಕು ಅಂದುಕೊಂಡವರೂ ಇದ್ದಾರೆ. ಸಾಲ ಮಾಡಿಲ್ಲ. ಲೆಕ್ಕ ಬರೆಯುವುದೇ ನನ್ನ ಕಸುಬು, ಹಾಗಾಗಿ ಇದರ ಲೆಕ್ಕವನ್ನೂ ಪೂರ್ತಿ ಬರೆದಿಟ್ಟಿದ್ದೇನೆ.

ಮೊದಲು ತಪ್ಪಿನ ಲೆಕ್ಕ. 2014ರಿಂದ 2020ರವರೆಗೆ ನಾನು ಹನ್ನೊಂದು ವಾಚು ಕೊಂಡಿದ್ದೆ. ಮೂರು ಸಾವಿರದ್ದು, ಐದು ಸಾವಿರದ್ದು, ಹಬ್ಬದ ರಿಯಾಯಿತಿಯಲ್ಲಿ ಸಿಕ್ಕಿದ್ದು. ಲಾಕ್‌ಡೌನಿನಲ್ಲಿ ಕೂತು ಕೂಡಿಸಿ ನೋಡಿದರೆ 58,400 ರೂಪಾಯಿ. ಆರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 800ರ ಮೇಲಾಯಿತು. ನನಗೆ ನಿಜವಾಗಿ ಬೇಕಾಗಿದ್ದ ವಾಚು ಆ ಹನ್ನೊಂದರಲ್ಲಿ ಒಂದೂ ಇರಲಿಲ್ಲ.

ಅವುಗಳಲ್ಲಿ ಕೊನೆಯದ್ದಂತೂ ನನಗೆ ಬಹಳ ನೋವು ಕೊಟ್ಟಿತು. ಹಳೇ ಲಾಂಜಿನ್ಸ್ (ಸ್ವಿಸ್ ಕಂಪನಿಯ ವಾಚು) ಅಂತ ಫೋಟೋ ನೋಡಿ, ದೂರದೂರಿನ ಒಬ್ಬ ವ್ಯಾಪಾರಿಯಿಂದ 9,500ಕ್ಕೆ ತರಿಸಿದ್ದೆ. ಡಯಲ್ ಫಳಫಳ ಹೊಳೆಯುತ್ತಿತ್ತು. ಗಡಿಯಾರ ಕಂಬದ ಹತ್ತಿರ ಸಣ್ಣ ಅಂಗಡಿ ಇಟ್ಟಿರುವ, ಅಪ್ಪನ ಕಾಲದಿಂದಲೂ ನಮ್ಮ ಮನೆಯ ವಾಚು ನೋಡುವ ಚಾಚಾನ ಹತ್ತಿರ ಒಯ್ದೆ. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿ, ಏನೂ ಹೇಳದೆ ಮಸೂರವನ್ನು ನನ್ನ ಕೈಗೇ ಕೊಟ್ಟರು.

‘ರೆಕ್ಕೆ ನೋಡು ತಮ್ಮಾ.’

ರೆಕ್ಕೆ ಇರುವ ಮರಳುಗಡಿಯಾರ ಲಾಂಜಿನ್ಸ್‌ನ ಗುರುತು. 1889ರಲ್ಲೇ ನೋಂದಾಯಿಸಿದ್ದು. ಅಸಲಿ ಡಯಲಿನಲ್ಲಿ ಆ ರೆಕ್ಕೆಯ ಗೆರೆಗಳು ಕೂದಲೆಳೆಯಂತೆ ಬಿಡಿ ಬಿಡಿಯಾಗಿ ಕಾಣಬೇಕು. ನನ್ನದರಲ್ಲಿ ಮಸಿ ಮೆತ್ತಿ ಎಲ್ಲಾ ಒಂದಾಗಿತ್ತು. ಮಷೀನು ಅಸಲಿ, ಡಯಲಿಗೆ ಹೊಸದಾಗಿ ಬಣ್ಣ ಹೊಡೆದಿದ್ದರು, ಕೇಸು, ಅಂದರೆ ಹೊರಗಿನ ಕವಚ, ಇನ್ಯಾವುದೋ ವಾಚಿನದು. ‘ಹಳೇ ವಾಚು ಹೊಸದರ ಹಂಗೆ ಹೊಳದ್ರೆ ಮೊದ್ಲು ಅನುಮಾನ ಪಡಬೇಕು’ ಅಂದರು ಚಾಚಾ. ಆಮೇಲೆ ವಾರಕ್ಕೊಮ್ಮೆ ಸಂಜೆ ಅವರ ಅಂಗಡಿಯಲ್ಲಿ ಕೂರತೊಡಗಿದೆ. ಬ್ಯಾಲೆನ್ಸ್ ಚಕ್ರ ಎಲ್ಲಿರುತ್ತದೆ, ಎಣ್ಣೆ ಒಣಗಿದರೆ ಮಷೀನು ಹೇಗೆ ಸವೆಯುತ್ತದೆ, ರಾತ್ರಿ 9ರಿಂದ ಬೆಳಗಿನ 3ರ ನಡುವೆ ತಾರೀಕು ಯಾಕೆ ತಿರುಗಿಸಬಾರದು (ಆ ಹೊತ್ತಿನಲ್ಲಿ ತಾರೀಕಿನ ಹಲ್ಲು ಕಚ್ಚಿಕೊಂಡಿರುತ್ತದೆ, ಬಲವಂತ ಮಾಡಿದರೆ ಮುರಿಯುತ್ತದೆ), ಇದನ್ನೆಲ್ಲ ಕಲಿತದ್ದು ಅಲ್ಲಿ. ಈ ಕಲಿಕೆಗೆ ಖರ್ಚಾಗಿದ್ದು ಚಹಾದ ದುಡ್ಡಷ್ಟೇ.

ಒಂಬತ್ತು ವಾಚು ಮಾರಿದೆ. ಬಂದದ್ದು ಬರೀ 19,000. ಬಣ್ಣ ಹೊಡೆದದ್ದನ್ನು ಮಾರಲಿಲ್ಲ. ಇನ್ನೊಬ್ಬರಿಗೆ ಅದೇ ಮೋಸ ದಾಟಿಸಲು ಮನಸ್ಸು ಬರದೆ ಚಾಚಾನಿಗೆ ಬಿಡಿಭಾಗಕ್ಕೆ ಕೊಟ್ಟೆ. ಆ 19,000ದಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತೆಗೆದುಕೊಂಡು, ಚೌಕಿಪೇಟೆಯ ಎರಡು ಅಂಗಡಿಗಳ ಜಿಎಸ್‌ಟಿ ಲೆಕ್ಕ ಹಿಡಿದೆ. ತಿಂಗಳಿಗೆ 1,500. ಕಂಡಕಂಡ ವಾಚು ಕೊಳ್ಳುವುದು ನಿಂತಿತ್ತಲ್ಲ, ಅದರಿಂದ ಉಳಿದ 500 ಸೇರಿಸಿದರೆ 2,000. ಸಂಬಳದ ಒಂದು ರೂಪಾಯಿಯೂ ವಾಚಿಗೆ ಹೋಗಬಾರದು ಅಂತ ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ. ಆ 500 ಸಂಬಳದ್ದೇ ಅಲ್ಲವಾ ಅಂತ ಮನೆಯವಳು ಕೇಳಿದಳು. ಸರಿಯಾದ ಪ್ರಶ್ನೆ. ಅದಕ್ಕೇ ಅವಳ ಜತೆ ಒಪ್ಪಂದ ಮಾಡಿಕೊಂಡೆ: ದುಡ್ಡು ಕೈಗೆ ಬಂದಾಗ ವಾಚಿಗೆ ಕೊಟ್ಟು ಉಳಿದದ್ದೆಲ್ಲ ಅವಳದು.

2020ರ ನವೆಂಬರಿನಲ್ಲಿ ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್‌ಡಿ (ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿ) ತೆರೆದೆ. ಆಗ ಬಡ್ಡಿ ಶೇ 5.8. ಚೀಟಿ ಹಾಕು ಅಂತ ಬಹಳ ಜನ ಹೇಳಿದರು. ನಾನು ಹಾಕಲಿಲ್ಲ. ಚೀಟಿಯಲ್ಲಿ ಯಾವಾಗ ಬೇಕಾದರೂ ಕೂಗಿ ಎತ್ತಬಹುದು, ಆತುರ ಇರುವವನಿಗೆ ಅದೇ ಅಪಾಯ. ನನಗೆ ಬೇಕಾಗಿದ್ದದ್ದು ಸುಲಭಕ್ಕೆ ಕೈಗೆ ಸಿಗದ ಜಾಗ.

ಆರ್‌ಡಿ ಕಟ್ಟುವುದು ಸಲೀಸಾಗೇನೂ ಸಾಗಲಿಲ್ಲ. ದುಗ್ಗಮ್ಮನ ಜಾತ್ರೆ ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಬಂದಾಗ ಮನೆ ತುಂಬಾ ನೆಂಟರು, ಕೈಯಲ್ಲಿ ಏನೂ ಉಳಿಯುವುದಿಲ್ಲ. 2022ರ ಜಾತ್ರೆಯಲ್ಲಿ ಕಂತು ತಪ್ಪಿತು. ನೂರಕ್ಕೆ ಒಂದು ರೂಪಾಯಿಯಂತೆ, 2,000ಕ್ಕೆ ತಿಂಗಳಿಗೆ 20 ರೂಪಾಯಿ ದಂಡ. ಸತತ ನಾಲ್ಕು ಕಂತು ತಪ್ಪುವ ತನಕ ಖಾತೆಗೆ ಧಕ್ಕೆ ಇಲ್ಲ ಅಂತ ಗೊತ್ತಿದ್ದರಿಂದ ಗಾಬರಿಯಾಗದೆ ಮುಂದಿನ ತಿಂಗಳು ಕಟ್ಟಿದೆ. 2023ರಲ್ಲಿ ಅವ್ವ ಆಸ್ಪತ್ರೆ ಸೇರಿದಾಗ ಮಾತ್ರ ನಿಜವಾಗಿ ಕೈ ಕಟ್ಟಿಹೋಯಿತು. ಆರ್‌ಡಿ ಮುರಿಯಲು ಹೋದವನಿಗೆ ಕೌಂಟರಿನ ಅಕ್ಕ ದಾರಿ ತೋರಿಸಿದರು. ಒಂದು ವರ್ಷ ಕಂತು ಕಟ್ಟಿದ್ದರೆ, ಕಟ್ಟಿದ ಹಣದ ಅರ್ಧದವರೆಗೆ ಅದರ ಮೇಲೇ ಸಾಲ ಸಿಗುತ್ತದೆ. ಬಡ್ಡಿ ಆರ್‌ಡಿಯ ಬಡ್ಡಿಗಿಂತ ಶೇ 2 ಮಾತ್ರ ಜಾಸ್ತಿ. 25,000 ತೆಗೆದುಕೊಂಡು ವರ್ಷದೊಳಗೆ ತೀರಿಸಿದೆ. ಅವ್ವ ಗುಣವಾಗಿ ಮನೆಗೆ ಬಂದರು, ಖಾತೆಯೂ ಉಳಿಯಿತು.

ಈ ನಡುವೆ ಬೆಂಗಳೂರಿಗೆ ಹೋದಾಗಲೆಲ್ಲ ಶೋರೂಮಿಗೆ ಹೋಗಿ ವಾಚು ಕೈಗೆ ಹಾಕಿ ನೋಡುತ್ತಿದ್ದೆ. ಕೊಳ್ಳದವನು ಹಾಗೆ ನೋಡಬಾರದು ಅಂತ ಏನೂ ಇಲ್ಲ. ನನ್ನ ಮಣಿಕಟ್ಟು ಸಣ್ಣದು, 42 ಮಿ.ಮೀ. ವಾಚು ತಟ್ಟೆಯ ಹಾಗೆ ಕಾಣುತ್ತದೆ ಅಂತ ತಿಳಿದದ್ದು ಹಾಗೆಯೇ. ಕೊನೆಗೆ ಮನಸ್ಸು ನಿಂತದ್ದು ಲಾಂಜಿನ್ಸ್ ಮಾಸ್ಟರ್ ಕಲೆಕ್ಷನ್ ಮೇಲೆ: 38.5 ಮಿ.ಮೀ., ಬೆಳ್ಳಿ ಬಣ್ಣದ ಡಯಲಿನಲ್ಲಿ ಜವೆಗೋಧಿ ಕಾಳಿನಂಥ ಕೆತ್ತನೆ, ನೀಲಿ ಮುಳ್ಳು, ಹಿಂದೆ ಗಾಜು. ಹೊಸದಕ್ಕೆ ಎರಡು ಲಕ್ಷದ ಮೇಲೆ. ‘ಇಎಂಐ ಮಾಡ್ಕೊಡ್ತೀವಿ ಸಾರ್’ ಅಂದರು. 2,10,000ವನ್ನು 24 ಕಂತು ಮಾಡಿದರೆ ತಿಂಗಳಿಗೆ 8,750, ನನ್ನ ಸಂಬಳದ ಮೂರನೇ ಒಂದು ಭಾಗ. ಅಲ್ಲಿಗೆ ಹೊಸದರ ಆಸೆ ಬಿಟ್ಟೆ, ಅದೇ ವಾಚನ್ನು ಬಳಸಿದ್ದರಲ್ಲಿ ಹುಡುಕತೊಡಗಿದೆ.

2025ರ ಅಕ್ಟೋಬರ್ 1ರಿಂದ ಸ್ವಿಟ್ಜರ್‌ಲೆಂಡ್ ಸೇರಿದ ನಾಲ್ಕು ದೇಶಗಳ ಜತೆಗಿನ ವ್ಯಾಪಾರ ಒಪ್ಪಂದ ಜಾರಿಗೆ ಬಂತು. ಆಮದು ಸುಂಕ ಇಳಿಯುತ್ತದೆ, ತಡಿ ಅಂದರು ಗೆಳೆಯರು. ಆದರೆ ಸ್ವಿಸ್ ವಾಚಿನ ಸುಂಕ ಇಳಿಯುವುದು ಏಳು ವರ್ಷದಲ್ಲಿ ಹಂತ ಹಂತವಾಗಿ. ಬಳಸಿದ ವಾಚು ಕೊಳ್ಳುವವನು ಅದಕ್ಕಾಗಿ ಕಾಯಬೇಕಿಲ್ಲ ಅನ್ನಿಸಿತು.

ನವೆಂಬರಿನಲ್ಲಿ ಆರ್‌ಡಿ ಮಾಗಿತು. 1,39,000 ಚಿಲ್ಲರೆ. ಅದೇ ತಿಂಗಳು ಬೆಂಗಳೂರಿನ ಜಯನಗರದ ನಿವೃತ್ತ ಎಂಜಿನಿಯರೊಬ್ಬರು ತಮ್ಮ ವಾಚು ಮಾರುತ್ತಿರುವುದು ತಿಳಿಯಿತು. ಡಬ್ಬಿ, ಗ್ಯಾರಂಟಿ ಕಾರ್ಡು, ಕೊಂಡಾಗಿನ ಬಿಲ್ಲು, ಆಗಸ್ಟಿನಲ್ಲಿ ಮಾಡಿಸಿದ ಸರ್ವಿಸಿನ ರಸೀದಿ, ಎಲ್ಲ ಇದ್ದವು. ಕೇಳಿದ್ದು 1,05,000. ಬೆಳಗಿನ ಜಾವದ ಬಸ್ಸಿಗೆ ಹೊರಟೆ. ಅವರ ಮನೆಯ ಕಿಟಕಿ ಬೆಳಕಿನಲ್ಲಿ ಮಸೂರ ಹಿಡಿದು ಮೊದಲು ನೋಡಿದ್ದು ರೆಕ್ಕೆ. ಗೆರೆಗಳು ಬಿಡಿ ಬಿಡಿಯಾಗಿದ್ದವು. ಆಮೇಲೆ ಕೇಸಿನ ನಂಬರು ಕಾರ್ಡಿನ ನಂಬರಿಗೆ ಹೋಲಿಸಿದೆ, ಚಾವಿ ಕೊಟ್ಟು ನೋಡಿದೆ, ತಾರೀಕು ತಿರುಗಿಸಿದೆ. ‘ಕಂಪನಿ ಸರ್ವಿಸ್ ಸೆಂಟರಿಗೆ ತೋರಿಸಿ ದುಡ್ಡು ಕೊಡ್ತೀನಿ ಸಾರ್, ಬೇಜಾರಿಲ್ಲ ತಾನೆ’ ಅಂದೆ. ಅವರು ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಮಾರುವವನು ಇದಕ್ಕೆ ಹಿಂದೇಟು ಹಾಕಿದರೆ ಅಲ್ಲಿಂದಲೇ ವಾಪಸ್ ಬರಬೇಕು, ಬಸ್ ಚಾರ್ಜ್ ಹೋದರೆ ಹೋಗಲಿ. ವಾಚು ದಿನಕ್ಕೆ ಐದು ಸೆಕೆಂಡ್ ಮುಂದೆ ಓಡುತ್ತಿತ್ತು, ಬೇರೆ ದೋಷ ಇರಲಿಲ್ಲ. 96,000ಕ್ಕೆ ಮಾತಾಯಿತು. ಹಣ ಬ್ಯಾಂಕಿನಿಂದ ಕಳಿಸಿದೆ, ಅವರು ಸೀರಿಯಲ್ ನಂಬರ್ ಬರೆದು ಸಹಿ ಮಾಡಿದ ಕಾಗದ ಕೊಟ್ಟರು.

ಉಳಿದ 43,000 ಮಾತಿನಂತೆ ಮನೆಯವಳ ಕೈ ಸೇರಿತು. ಅವಳು 26,000ಕ್ಕೆ ಮೋಟಾರಿನ ಹೊಲಿಗೆ ಯಂತ್ರ ತಂದು, ಮಿಕ್ಕಿದ್ದನ್ನು ತನ್ನ ಖಾತೆಗೆ ಹಾಕಿಕೊಂಡಳು. ಈಗ ಓಣಿಯ ರವಿಕೆಗಳೆಲ್ಲ ನಮ್ಮ ಮನೆಗೇ ಬರುತ್ತವೆ.

ರಾತ್ರಿ ಎರಡೂ ವಾಚು ದಿಂಬಿನ ಪಕ್ಕ ಇಟ್ಟುಕೊಂಡು ಕೇಳುತ್ತೇನೆ. ಜನತಾ ಸೆಕೆಂಡಿಗೆ ಐದು ಸಲ ಬಡಿಯುತ್ತದೆ, ಬಿಡಿಸಿ ಕೇಳಿಸುತ್ತದೆ. ಲಾಂಜಿನ್ಸ್ ಎಂಟು ಸಲ, ಗಂಟೆಗೆ 28,800. ಅದರ ಸದ್ದು ತುಂತುರು ಮಳೆಯ ಹಾಗೆ. ಅಪ್ಪ ಇದ್ದಿದ್ದರೆ ಮೊದಲು ಅವರ ಕೈಗೆ ಕಟ್ಟುತ್ತಿದ್ದೆ.

ಊರಿಗೆ ಬಂದ ಮರುದಿನ ಚಾಚಾನಿಗೆ ತೋರಿಸಲು ಹೋದೆ. ಹಿಂದಿನ ಗಾಜಿನಲ್ಲಿ ಮಷೀನು ನೋಡುತ್ತಾ ಬಹಳ ಹೊತ್ತು ಕೂತರು. ‘ಬರೋಬ್ಬರಿ ಐತೆ ತಮ್ಮಾ. ಆದ್ರೆ ಐದು ವರ್ಷಕ್ಕೆ ಎಣ್ಣೆ ಹಾಕಿಸ್ಬೇಕು, ಇದನ್ನ ನನ್ನ ಹತ್ರ ತರಬ್ಯಾಡ, ಕಂಪನಿಗೇ ಕೊಡು. ಅವರು ಇಪ್ಪತ್ತು ಮೂವತ್ತು ಸಾವಿರ ಕೇಳ್ತಾರೆ, ಈಗ್ಲೇ ತೆಗೆದಿಡು’ ಅಂದರು. ಡಿಸೆಂಬರಿನಲ್ಲಿ ಅದೇ ಅಂಚೆ ಕಚೇರಿಗೆ ಹೋಗಿ ತಿಂಗಳಿಗೆ 500ರ ಇನ್ನೊಂದು ಆರ್‌ಡಿ ತೆರೆದೆ. ಆಗ ಬಡ್ಡಿ ಶೇ 6.7, ಮಾಗಿದಾಗ 35,000 ಚಿಲ್ಲರೆ ಬರುತ್ತದೆ. ಕೌಂಟರಿನ ಅಕ್ಕ ಪಾಸ್‌ಬುಕ್ಕಿಗೆ ಮೊಹರು ಒತ್ತುತ್ತಾ ನನ್ನ ಮಣಿಕಟ್ಟು ನೋಡಿ, ‘ಇದೇನಾ ಅದು?’ ಅಂತ ಕೇಳಿದರು. ಬಿಚ್ಚಿ ಅವರ ಕೈಗೆ ಕೊಟ್ಟೆ.